ರಾತ್ರಿ ಫ್ಲ್ಯಾಶ್ ಹಾಕಿದರೆ ಹಿನ್ನೆಲೆ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ರಾತ್ರಿ ಹೊರಗಡೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದಾಗೆಲ್ಲ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದೆ ಕಗ್ಗತ್ತಲು. ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದ ದೀಪ, ಮರ, ರಸ್ತೆ ಒಂದೂ ಬರುವುದಿಲ್ಲ. ಇನ್ನೂ ಹೆಚ್ಚು ಪವರ್ ಇರುವ ಫ್ಲ್ಯಾಶ್ ಕೊಳ್ಳಬೇಕೆ?

ಬೇಡ. ದೊಡ್ಡ ಫ್ಲ್ಯಾಶ್ ತಂದರೂ ಈ ತೊಂದರೆ ಹೋಗುವುದಿಲ್ಲ. ನೀವು ಕೈ ಹಾಕಬೇಕಾದ್ದು ಶಟರ್‌ಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡಲು ತೆರೆದು ಮುಚ್ಚುವ ಪರದೆಗೆ.

ಫ್ಲ್ಯಾಶ್‌ನ ಬೆಳಕು ದೂರ ಹೋದ ಹಾಗೆ ಬಹಳ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಗೆಳತಿ ಫ್ಲ್ಯಾಶ್‌ನಿಂದ 2 ಮೀಟರ್ ದೂರದಲ್ಲಿ ನಿಂತಿದ್ದಾಳೆ, ಹಿಂದಿನ ಮರ 8 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅವಳ ಮೇಲೆ ಬಿದ್ದ ಬೆಳಕಿನ 16ರಲ್ಲಿ ಒಂದು ಪಾಲು ಮಾತ್ರ ಮರಕ್ಕೆ ಸಿಗುತ್ತದೆ. ಮರ ಕಾಣಲೇಬೇಕೆಂದು ಪವರ್ ಏರಿಸುತ್ತ ಹೋದರೆ ಅವಳ ಮುಖದಲ್ಲಿ ಕಣ್ಣು ಮೂಗು ಗುರುತಿಸಲೂ ಆಗದು. ಹಿನ್ನೆಲೆಯನ್ನು ಅಲ್ಲೇ ಉರಿಯುತ್ತಿರುವ ದೀಪಗಳಿಗೆ ಬಿಟ್ಟುಬಿಡಿ.

ಅದು ಹೇಗೆ ಸಾಧ್ಯ ಎಂದರೆ, ಒಂದೇ ಕ್ಲಿಕ್ಕಿನೊಳಗೆ ಎರಡು ಎಕ್ಸ್‌ಪೋಷರ್ (ಬೆಳಕು ದಾಖಲಾಗುವುದು) ನಡೆಯುತ್ತವೆ: ಒಂದು ಫ್ಲ್ಯಾಶ್‌ನದು, ಇನ್ನೊಂದು ಸುತ್ತಲಿನ ದೀಪಗಳದು. ಪವರ್ ಕಡಿಮೆ ಇಟ್ಟಾಗ ಫ್ಲ್ಯಾಶ್‌ನ ಮಿಂಚು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಬೇಗ ಮುಗಿದುಹೋಗುತ್ತದೆ. ಆಮೇಲೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಶ್‌ನಿಂದ ಬರುವುದು ಏನೂ ಉಳಿದಿರುವುದಿಲ್ಲ. ಆದರೆ ಬೀದಿದೀಪದ ಬೆಳಕು ಶಟರ್ ತೆರೆದಿರುವಷ್ಟು ಹೊತ್ತೂ ಒಳಗೆ ಬರುತ್ತಲೇ ಇರುತ್ತದೆ. ಶಟರನ್ನು 1/200 ಸೆಕೆಂಡಿನಿಂದ 1/25 ಸೆಕೆಂಡಿಗೆ ಇಳಿಸಿ ನೋಡಿ: ಹಿನ್ನೆಲೆಗೆ ಎಂಟು ಪಟ್ಟು ಬೆಳಕು, ಮುಖದ ಮೇಲಿನ ಫ್ಲ್ಯಾಶ್ ಇದ್ದ ಹಾಗೇ ಇರುತ್ತದೆ. ನನಗೆ ಇದು ಅರ್ಥವಾದ ದಿನ ರಾತ್ರಿ ಫೋಟೋ ತೆಗೆಯುವ ಭಯವೇ ಹೋಯಿತು.

ಹಾಗಾಗಿ ಮೊದಲು ಫ್ಲ್ಯಾಶ್ ಆಫ್ ಮಾಡಿ. ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್‌ನಲ್ಲಿ ಕ್ಯಾಮೆರಾ ಇರಲಿ. ಎಫ್ 2.8 (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ 800 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ), ಶಟರ್ 1/30ರಿಂದ ಶುರುಮಾಡಿ, ಬರೀ ಹಿನ್ನೆಲೆಯನ್ನು ತೆಗೆಯಿರಿ. ಅದು ಕಣ್ಣಿಗೆ ಕಾಣುವುದಕ್ಕಿಂತ ತುಸು ಮಬ್ಬಾಗಿದ್ದರೇ ಚೆಂದ, ರಾತ್ರಿ ರಾತ್ರಿಯಂತೆಯೇ ಕಾಣಬೇಕು. ಅದು ಒಪ್ಪಿಗೆಯಾದ ಮೇಲೆ ಫ್ಲ್ಯಾಶ್ ಆನ್ ಮಾಡಿ, ಪೂರ್ತಿ ಪವರ್‌ನ 1/16ಕ್ಕೆ ಇಟ್ಟು ಒಂದು ಕ್ಲಿಕ್ ಮಾಡಿ. ಮುಖ ಕಪ್ಪೆನಿಸಿದರೆ 1/8ಕ್ಕೆ ಏರಿಸಿ, ಬಿಳಿಚಿದರೆ 1/32ಕ್ಕೆ ಇಳಿಸಿ. ಐಎಸ್‌ಒ 100ರಲ್ಲಿ ಬೇಕಾಗುವ ಪವರ್‌ನ ಎಂಟನೇ ಒಂದು ಪಾಲು 800ರಲ್ಲಿ ಸಾಕಾಗುವುದರಿಂದ ಸಣ್ಣ ಫ್ಲ್ಯಾಶ್ ಕೂಡ ನಿರಾಯಾಸವಾಗಿ ಕೆಲಸ ಮಾಡುತ್ತದೆ, ಸೆಲ್ಲೂ ಬೇಗ ಖಾಲಿಯಾಗುವುದಿಲ್ಲ.

1/30ರಲ್ಲಿ ಮುಖ ಅಲುಗಿದಂತೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಮುಖದ ಮೇಲೆ ಬೇರೆ ಬೆಳಕು ಬೀಳದಿದ್ದರೆ ಬರುವುದಿಲ್ಲ, ಮಿಂಚಿದ ಆ ಕ್ಷಣ ಮಾತ್ರ ದಾಖಲಾಗುತ್ತದೆ. ಆದರೆ ಬೀದಿದೀಪದ ನೇರ ಕೆಳಗೆ ನಿಲ್ಲಿಸಿದರೆ ಮುಖದ ಅಂಚಿನಲ್ಲಿ ನೆರಳಿನಂಥ ಇನ್ನೊಂದು ಮುಖ ಮೂಡುತ್ತದೆ. ನಾಲ್ಕು ಹೆಜ್ಜೆ ಕತ್ತಲ ಕಡೆಗೆ ಕರೆದುಕೊಂಡು ಬನ್ನಿ. ಜೊತೆಗೆ, ಫ್ಲ್ಯಾಶ್ ಮಿಂಚಿದ ತಕ್ಷಣ ಫೋಟೋ ಆಯಿತೆಂದು ಜನ ತಲೆ ತಿರುಗಿಸಿಬಿಡುತ್ತಾರೆ. ‘ಮಿಂಚಿದ ಮೇಲೂ ಒಂದು ಕ್ಷಣ ಹಾಗೇ ಇರಿ’ ಎಂದು ಮೊದಲೇ ಹೇಳಿಬಿಡಿ.

ಫೋಕಸ್‌ಗೆ ಮೊಬೈಲ್ ಟಾರ್ಚ್ ಸಾಕು. ಮುಖದ ಮೇಲೆ ಬಿಟ್ಟು, ಕಣ್ಣಿಗೆ ಫೋಕಸ್ ಲಾಕ್ ಮಾಡಿ, ಟಾರ್ಚ್ ಆರಿಸಿ ತಕ್ಷಣ ಕ್ಲಿಕ್ ಮಾಡಿ. ಟಾರ್ಚ್ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದರಿಂದ ಕಣ್ಣು ಕೆಂಪಾಗಿ ಬರುವುದೂ ಕಡಿಮೆಯಾಗುತ್ತದೆ.

ಇಷ್ಟರಿಂದ ಕತ್ತಲೆಯ ಸಮಸ್ಯೆ ಬಗೆಹರಿಯುತ್ತದೆ. ಮುಖ ಚಪ್ಪಟೆಯಾಗಿ ಕಾಣುವುದಕ್ಕೆ ಕಾರಣ ಬೇರೆ: ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲೆಯೇ ಕೂತಿದೆ. ಬೆಳಕನ್ನು ತಿರುಗಿಸಿ ಬೀಳಿಸಲು ಹೊರಗಡೆ ಚಾವಣಿಯೂ ಇಲ್ಲ, ಗೋಡೆಯೂ ಇಲ್ಲ. ಫ್ಲ್ಯಾಶ್ ದೂರದಲ್ಲಿದ್ದರೂ ಅದನ್ನು ಕ್ಯಾಮೆರಾದಿಂದ ಮಿಂಚಿಸುವ ಒಂದು ವೈರ್‌ಲೆಸ್ ಟ್ರಿಗರ್ ಹಾಕಿ, ಫ್ಲ್ಯಾಶ್ ಅನ್ನು ಪಕ್ಕಕ್ಕೆ ತಂದು, ಕಣ್ಣಿಗಿಂತ ತುಸು ಎತ್ತರದಿಂದ ಬೀಳುವಂತೆ ಹಿಡಿಯಿರಿ. ದುಡ್ಡು ಹಾಕುವುದೇ ಆದರೆ ಟ್ರಿಗರ್‌ಗೂ, ಬೆಳಕು ಮೃದುವಾಗಲು ಫ್ಲ್ಯಾಶ್ ಮುಂದೆ ಹಿಡಿಯುವ ಒಂದು ಬಿಳಿ ಛತ್ರಿಗೂ ಹಾಕಿ. ಛತ್ರಿ ಮುಖಕ್ಕೆ ಹತ್ತಿರವಿದ್ದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಸ್ಟ್ಯಾಂಡ್ ಮೇಲಿಟ್ಟು ಬಿಟ್ಟುಬರಬೇಡಿ. ಸಣ್ಣ ಗಾಳಿಗೇ ನನ್ನದೊಂದು ಫ್ಲ್ಯಾಶ್ ಛತ್ರಿ ಸಮೇತ ನೆಲಕ್ಕೆ ಬಿದ್ದು ಒಡೆದಿದೆ. ಯಾರಾದರೂ ಹಿಡಿದುಕೊಳ್ಳಲಿ.

ಕೊನೆಗೆ ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ಫ್ಲ್ಯಾಶ್ ಬೆಳಕು ಹಗಲಿನಂತೆ ಸುಮಾರು 5500 ಕೆಲ್ವಿನ್, ಹಳದಿ ಬೀದಿದೀಪ 3000ಕ್ಕೂ ಕೆಳಗೆ. ಎರಡೂ ಒಂದೇ ಚಿತ್ರದಲ್ಲಿದ್ದರೆ ಮುಖ ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದಂತಿರುತ್ತದೆ. ಫ್ಲ್ಯಾಶ್ ಮುಂದೆ ತೆಳು ಕಿತ್ತಳೆ ಬಣ್ಣದ ಜೆಲ್ ಹಾಳೆ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ, ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ 4000ದ ಸುತ್ತ ಇಟ್ಟು ತೆಗೆದು ನೋಡಿ. ಜೆಲ್ ಸ್ವಲ್ಪ ಬೆಳಕು ತಿನ್ನುತ್ತದೆ, ಅಷ್ಟಕ್ಕೆ ತಕ್ಕಂತೆ ಪವರ್ ಏರಿಸಿಕೊಳ್ಳಿ.