ಐದು ಜನ, ಇಪ್ಪತ್ತು ನಿಮಿಷ, ಅಕಯೇಸು ತೀರ್ಪು: ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಐದು ಜನ ಎಲ್‌ಎಲ್‌ಬಿ ವಿದ್ಯಾರ್ಥಿಗಳು. ಅಂತರರಾಷ್ಟ್ರೀಯ ಕ್ರಿಮಿನಲ್ ಕಾನೂನು ಪತ್ರಿಕೆಗೆ ಒಂದು ಮೊಕದ್ದಮೆ ಹಿಡಿದು ಇಪ್ಪತ್ತು ನಿಮಿಷ ಗ್ರೂಪ್ ಪ್ರೆಸೆಂಟೇಷನ್ ಕೊಡಬೇಕು. ರುವಾಂಡಾದ ಅಕಯೇಸು ಪ್ರಕರಣ ಆರಿಸಿಕೊಂಡಿದ್ದೇವೆ. ತೀರ್ಪು ಭಾರಿ ಉದ್ದ ಇದೆ. ಯಾರು ಯಾವ ಭಾಗ ಮಾಡಬೇಕು?

ಉತ್ತರ: ಸಾಮಾನ್ಯವಾಗಿ ಆಗುವುದು ಹೀಗೆ. ಒಬ್ಬರಿಗೆ ಹಿನ್ನೆಲೆ, ಒಬ್ಬರಿಗೆ ಸಂಗತಿಗಳು, ಒಬ್ಬರಿಗೆ ವಾದ, ಒಬ್ಬರಿಗೆ ತೀರ್ಪು, ಉಳಿದವರಿಗೆ ಉಪಸಂಹಾರ. ಹಿನ್ನೆಲೆಯವರು ಬೆಲ್ಜಿಯಂ ಆಳ್ವಿಕೆಯಿಂದ ಶುರು ಮಾಡಿ ಅರ್ಧ ಸಮಯ ನುಂಗುತ್ತಾರೆ. ತೀರ್ಪಿನವರ ಸರದಿ ಬರುವಷ್ಟರಲ್ಲಿ ಮೇಷ್ಟ್ರು ಗಡಿಯಾರ ನೋಡುತ್ತಿರುತ್ತಾರೆ. ಹಾಗೆ ಹಂಚಬೇಡಿ. ಶಿಕ್ಷೆಯಾಗಬೇಕಾದರೆ ಪ್ರಾಸಿಕ್ಯೂಷನ್ ಏನೇನು ಸಾಬೀತು ಮಾಡಬೇಕಿತ್ತೋ ಅದನ್ನು ಹಂಚಿಕೊಳ್ಳಿ.

ಹಿನ್ನೆಲೆಗೆ ಎರಡು ನಿಮಿಷ ಸಾಕು. ಝಾನ್-ಪಾಲ್ ಅಕಯೇಸು ಮೊದಲು ಶಿಕ್ಷಕ, 1993ರಿಂದ ರುವಾಂಡಾದ ಟಾಬಾ ಎಂಬ ಕಮ್ಯೂನ್‌ನ (ಸ್ಥಳೀಯ ಆಡಳಿತ ಘಟಕದ) ಮುಖ್ಯಸ್ಥ. 1994ರ ಏಪ್ರಿಲ್‌ನಿಂದ ಜೂನ್ ಕೊನೆಯೊಳಗೆ ಅಲ್ಲಿ ದೇಶದ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳಲ್ಲಿ ಕನಿಷ್ಠ 2,000 ಜನರ ಕೊಲೆಯಾಯಿತು. 1995ರಲ್ಲಿ ಆತ ಝಾಂಬಿಯಾದಲ್ಲಿ ಸಿಕ್ಕಿಬಿದ್ದ. ವಿಶ್ವಸಂಸ್ಥೆ ಸ್ಥಾಪಿಸಿದ ರುವಾಂಡಾ ನ್ಯಾಯಮಂಡಳಿ ಟಾಂಜಾನಿಯಾದ ಅರುಷಾದಲ್ಲಿ ವಿಚಾರಣೆ ನಡೆಸಿ, 1998ರ ಸೆಪ್ಟೆಂಬರ್ 2ರಂದು ಆತ ತಪ್ಪಿತಸ್ಥ ಎಂದಿತು. 1948ರ ಜನಾಂಗಹತ್ಯೆ ಒಪ್ಪಂದದಲ್ಲಿರುವ ಅಪರಾಧಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ಕೊಟ್ಟ ಮೊದಲ ತೀರ್ಪು ಅದು.

ಇನ್ನು ಐದು ಪ್ರಶ್ನೆ, ಐದು ಜನ.

ಮೊದಲನೆಯವರು: ಟುಟ್ಸಿಗಳು ಒಪ್ಪಂದ ರಕ್ಷಿಸುವ ಗುಂಪೇ? ಸಣ್ಣ ಪ್ರಶ್ನೆ ಅಂದುಕೊಳ್ಳಬೇಡಿ. ಒಪ್ಪಂದ ಹೆಸರಿಸುವುದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ, ಧಾರ್ಮಿಕ ಗುಂಪುಗಳನ್ನು ಮಾತ್ರ. ಬಹುಸಂಖ್ಯಾತರಾದ ಹುಟುಗಳು, ಟುಟ್ಸಿಗಳು ಇಬ್ಬರದೂ ಒಂದೇ ಭಾಷೆ, ಹೆಚ್ಚುಕಡಿಮೆ ಒಂದೇ ಧರ್ಮ, ಒಂದೇ ನೆಲ. ಗುರುತಿನ ಚೀಟಿಯಲ್ಲಿ ಜನಾಂಗ ನಮೂದಾಗುತ್ತಿದ್ದುದು, ಅದು ತಂದೆಯ ಕಡೆಯಿಂದ ಬರುತ್ತಿದ್ದುದು, ಸಾಕ್ಷಿಗಳು ತಾವು ಯಾರೆಂದು ತಡವರಿಸದೆ ಹೇಳಿದ್ದು, ಇವನ್ನೆಲ್ಲ ನ್ಯಾಯಮಂಡಳಿ ಲೆಕ್ಕಕ್ಕೆ ತೆಗೆದುಕೊಂಡಿತು. ‘ಸ್ಥಿರ ಮತ್ತು ಶಾಶ್ವತ ಗುಂಪು’ ಯಾವುದೇ ಇರಲಿ, ಅದಕ್ಕೆ ಒಪ್ಪಂದದ ರಕ್ಷಣೆ ಇದೆ ಎಂಬ ಅದರ ವಾದವನ್ನು ಆಮೇಲೆ ಬಹಳ ಜನ ಟೀಕಿಸಿದ್ದಾರೆ. ಟೀಕೆಯನ್ನೂ ಹೇಳಿ, ಅಂಕ ಬೀಳುವುದೇ ಅಲ್ಲಿ.

ಎರಡನೆಯವರದು ಉದ್ದೇಶ. ಒಂದು ಗುಂಪನ್ನೇ ಅಳಿಸಬೇಕೆಂಬ ಮನಸ್ಸು ಆರೋಪಿಗಿತ್ತು ಎಂದು ತೋರಿಸುವುದು ಹೇಗೆ? ತೀರ್ಪಿನ 523ನೇ ಪ್ಯಾರಾ ತೆರೆಯಿರಿ. ಆರೋಪಿ ಬಾಯಿಬಿಟ್ಟು ಒಪ್ಪದಿದ್ದರೂ, ಸುತ್ತಲಿನ ಕೃತ್ಯಗಳ ಪ್ರಮಾಣ ಮತ್ತು ಒಂದೇ ಗುಂಪಿನವರನ್ನು ಆರಿಸಿ ಹೊಡೆದ ರೀತಿಯಿಂದ ಉದ್ದೇಶವನ್ನು ಊಹಿಸಬಹುದು ಎನ್ನುತ್ತದೆ.

ಮೂರನೆಯವರಿಗೆ ಆರೋಪಿಯೇ ವಿಷಯ. ಏಪ್ರಿಲ್ 18ರವರೆಗೆ ಅಕಯೇಸು ಹಿಂಸೆ ತಡೆಯಲು ನೋಡಿದ್ದ. ಅಂದು ಮಧ್ಯಂತರ ಸರ್ಕಾರದ ನಾಯಕರು ಕಮ್ಯೂನ್ ಮುಖ್ಯಸ್ಥರನ್ನು ಕರೆಸಿ ಸಭೆ ನಡೆಸಿದರು; ಅಲ್ಲಿಂದ ಬಂದವನು ಬೇರೆಯೇ ಮನುಷ್ಯ. ಮರುದಿನ ಗಿಶ್ಯೆಶ್ಯೆಯಲ್ಲಿ ಸೇರಿದ ಜನರನ್ನು ಬಹಿರಂಗವಾಗಿ ಪ್ರಚೋದಿಸಿದ. ತನಗೆ ತಡೆಯುವ ಶಕ್ತಿ ಇರಲಿಲ್ಲ ಎಂಬುದು ಆತನ ವಾದ. ರುವಾಂಡಾದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದ ರೋಮಿಯೋ ಡಲೇರ್ ಅವರನ್ನು ಸಾಕ್ಷಿಯಾಗಿ ಕರೆಸಿದ್ದು ಪ್ರತಿವಾದಿ ಕಡೆಯವರೇ. ಆ ವಾದವನ್ನು ಗಟ್ಟಿಯಾಗಿಯೇ ಮಂಡಿಸಿ. ಆರೋಪಿಯನ್ನು ಮೊದಲೇ ರಾಕ್ಷಸ ಮಾಡಿಬಿಟ್ಟರೆ ತರಗತಿಗೆ ಕಾನೂನು ಕೇಳಿಸುವುದಿಲ್ಲ.

ನಾಲ್ಕನೆಯವರಿಗೆ ಹೆಚ್ಚು ಸಮಯ ಕೊಡಿ. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. 1997ರ ಆರಂಭದಲ್ಲಿ ‘ಸಾಕ್ಷಿ ಜೆ’ ಎಂದಷ್ಟೇ ದಾಖಲಾದ ಮಹಿಳೆ ಬೇರೆ ವಿಷಯಕ್ಕೆ ಸಾಕ್ಷಿ ಹೇಳುತ್ತಿದ್ದಾಗ ಅದು ಹೊರಬಂತು. ಪೀಠದಲ್ಲಿದ್ದ ಒಬ್ಬರೇ ಮಹಿಳೆ, ದಕ್ಷಿಣ ಆಫ್ರಿಕಾದ ತಮಿಳು ಮೂಲದ ನವನೀತಂ ಪಿಳ್ಳೈ, ಬಿಡದೆ ಪ್ರಶ್ನೆ ಕೇಳಿದರು. ಜೂನ್‌ನಲ್ಲಿ ಮೂರು ಆರೋಪಗಳು ಸೇರ್ಪಡೆಯಾದವು. ಗುಂಪನ್ನು ನಾಶಮಾಡುವ ಉದ್ದೇಶದಿಂದ ನಡೆದ ಲೈಂಗಿಕ ಹಿಂಸೆಯೂ ಜನಾಂಗಹತ್ಯೆಯೇ ಎಂದು 731ನೇ ಪ್ಯಾರಾ ಹೇಳಿದ್ದು ಹೀಗೆ. ಈ ಭಾಗದಲ್ಲಿ ಸಾಕ್ಷಿಗಳ ನೋವಿನ ವಿವರಗಳನ್ನು ಓದಿ ಹೇಳಬೇಕಿಲ್ಲ, ತಲೆಬುರುಡೆಯ ಫೋಟೊ ಅಂಟಿಸುವುದಂತೂ ಬೇಡವೇ ಬೇಡ.

ಐದನೆಯವರು ಪ್ರಾಸಿಕ್ಯೂಷನ್ ಸೋತದ್ದನ್ನು ತೆಗೆದುಕೊಳ್ಳಲಿ. ಒಟ್ಟು 15 ಆರೋಪಗಳಲ್ಲಿ 9 ಸಾಬೀತಾದವು, 6 ಬಿದ್ದುಹೋದವು. ಬಿದ್ದವುಗಳಲ್ಲಿ ಯುದ್ಧಾಪರಾಧದ ಆರೋಪಗಳೆಲ್ಲ ಇವೆ. ಆತ ಸೈನ್ಯದವನಲ್ಲ, ಯುದ್ಧದಲ್ಲಿ ಒಂದು ಪಕ್ಷದ ಪರವಾಗಿ ನಡೆದುಕೊಂಡದ್ದು ಸಾಬೀತಾಗಿಲ್ಲ ಎಂಬುದು ಕಾರಣ. ಆ ಅಳತೆಗೋಲೇ ತಪ್ಪು ಎಂದು 2001ರಲ್ಲಿ ಮೇಲ್ಮನವಿ ಪೀಠ ಹೇಳಿತು. ಜೀವಾವಧಿ ಶಿಕ್ಷೆ ಮಾತ್ರ ಹಾಗೇ ಉಳಿಯಿತು. ಇದನ್ನು ಬಿಟ್ಟುಬಿಡುವ ಗುಂಪುಗಳೇ ಹೆಚ್ಚು, ಮೇಷ್ಟ್ರ ಮೊದಲ ಪ್ರಶ್ನೆ ಬರುವುದೂ ಬಹುಶಃ ಇಲ್ಲಿಂದಲೇ.

ಇಡೀ ತೀರ್ಪನ್ನು ಐವರೂ ಓದಬೇಕೆಂದಿಲ್ಲ. ಜನಾಂಗಹತ್ಯೆಯ ಕಾನೂನು ವಿವರಿಸುವ ಅಧ್ಯಾಯ ಮತ್ತು ಕೊನೆಯ ನಿರ್ಣಯಗಳನ್ನು ಮಾತ್ರ ಐವರೂ ಓದಿರಬೇಕು. ಪ್ಯಾರಾಗಳಿಗೆಲ್ಲ ಸಂಖ್ಯೆ ಇದೆ. ಸ್ಲೈಡಿನಲ್ಲಿ ಹೇಳುವ ಪ್ರತಿ ಮಾತಿನ ಪಕ್ಕ ಅದನ್ನು ಹಾಕಿ. ಯಾವುದೋ ವೆಬ್‌ಸೈಟಿನ ಸಾರಾಂಶ ಓದಿ ಬಂದವರು ಸಿಕ್ಕಿಬೀಳುವುದು ಈ ಸಂಖ್ಯೆ ಕೇಳಿದಾಗಲೇ. ರಿಹರ್ಸಲ್‌ನಲ್ಲಿ ಭಾಗಗಳನ್ನು ಅದಲುಬದಲು ಮಾಡಿ ಒಮ್ಮೆ ಮಾತಾಡಿ ನೋಡಿ. ಯಾರಾದರೂ ಗೈರಾದರೂ ನಡೆಯುತ್ತದೆ.

‘ಇಂಥ ಕೇಸು ಭಾರತದಲ್ಲಿ ನಡೆಯಬಹುದೇ?’ ಎಂಬ ಪ್ರಶ್ನೆಗೂ ಒಬ್ಬರು ಸಿದ್ಧರಿರಲಿ. ಭಾರತ ಜನಾಂಗಹತ್ಯೆ ಒಪ್ಪಂದವನ್ನು 1959ರಲ್ಲೇ ಅನುಮೋದಿಸಿದೆ, ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನಕ್ಕೆ ಮಾತ್ರ ಸೇರಿಲ್ಲ. 1984ರ ಸಿಖ್ ವಿರೋಧಿ ಹಿಂಸಾಚಾರದ ಪ್ರಕರಣದಲ್ಲಿ ಕಾಂಗ್ರೆಸ್‌ನ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಶಿಕ್ಷೆ ವಿಧಿಸುವಾಗ, 2018ರ ಡಿಸೆಂಬರ್‌ನಲ್ಲಿ, ದೆಹಲಿ ಹೈಕೋರ್ಟ್ ಜನಾಂಗಹತ್ಯೆಯೂ ಮಾನವತೆಯ ವಿರುದ್ಧದ ಅಪರಾಧವೂ ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇಲ್ಲ, ಈ ಲೋಪ ಬೇಗ ಸರಿಯಾಗಬೇಕು ಎಂದಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವೆರಡಕ್ಕೆ ಪ್ರತ್ಯೇಕ ಕಲಂ ಇಲ್ಲ.