ಯಾವ ಭಾರ ಇಳಿಸಬೇಕು, ಯಾವುದನ್ನು ಹೊರಬೇಕು? ಇಬ್ರಿಯ 12ರ ಓದು

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ (ಪತ್ರದ) 12ನೇ ಅಧ್ಯಾಯದ ಮೊದಲ ಮೂರು ವಚನ ನಮ್ಮಲ್ಲಿ ತುಂಬಾ ಜನರಿಗೆ ಬಾಯಿಪಾಠ. ಎಲ್ಲ ಭಾರವನ್ನೂ ಹತ್ತಿಕೊಳ್ಳುವ ಪಾಪವನ್ನೂ ತೆಗೆದಿಡೋಣ, ಯೇಸುವಿನ ಮೇಲೆ ದೃಷ್ಟಿಯಿಡೋಣ, ನಮ್ಮ ಪಾಲಿನ ಓಟವನ್ನು ತಾಳ್ಮೆಯಿಂದ ಓಡೋಣ ಅನ್ನುವ ಮಾತು ಅದು. ಕ್ಯಾಲೆಂಡರ್‌ ಮೇಲೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ, ಪ್ರಾರ್ಥನೆ ಕೂಟದಲ್ಲಿ ಕೇಳುತ್ತಲೇ ಇರುತ್ತೇವೆ. ಬಿಡಿಯಾಗಿ ಓದಿದರೆ "ಚಿಂತೆ ಬಿಡು, ಮನಸ್ಸು ಹಗುರ ಮಾಡ್ಕೊ" ಅಂದ ಹಾಗೆ ಕೇಳಿಸುತ್ತದೆ. ಇಡೀ ಪತ್ರಿಕೆಯ ಜೊತೆ ಓದಿದಾಗ ಮಾತಿನ ತೂಕವೇ ಬೇರೆ. 12ರಲ್ಲಿ ಭಾರ ಇಳಿಸಿ ಅನ್ನುವ ಇದೇ ಪತ್ರಿಕೆ 13ರಲ್ಲಿ ಒಂದನ್ನು ಹೊತ್ತುಕೊಂಡು ಬನ್ನಿ ಅನ್ನುತ್ತದೆ. ಎರಡನ್ನೂ ಜೊತೆಗೆ ಓದಿದರೆ ಮಾತ್ರ ಈ ಭಾಗ ಸರಿಯಾಗಿ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಇದನ್ನು ಓದಿಸಿಕೊಂಡವರು ಯಾರು?

ಪತ್ರಿಕೆಯಲ್ಲಿ ಬರೆದವರ ಹೆಸರಿಲ್ಲ. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಕೂಡ, ಬರೆದವರು ಯಾರೆಂದು ದೇವರಿಗೇ ಗೊತ್ತು ಎಂದು ಹೇಳಿ ಸುಮ್ಮನಾದ. ಓದುಗರ ಬಗ್ಗೆ ಮಾತ್ರ ಪತ್ರಿಕೆಯಲ್ಲೇ ಬೇಕಾದಷ್ಟು ಸುಳಿವು ಇದೆ. ಅವರು ಹೊಸ ವಿಶ್ವಾಸಿಗಳಲ್ಲ. ಇಷ್ಟು ಹೊತ್ತಿಗೆ ನೀವೇ ಬೇರೆಯವರಿಗೆ ಕಲಿಸಬೇಕಿತ್ತು ಅನ್ನುತ್ತದೆ 5:12 (5ನೇ ಅಧ್ಯಾಯದ 12ನೇ ವಚನ). ನಾಲ್ಕು ಜನರ ಎದುರು ಅವಮಾನ ತಿಂದವರು. ಸೆರೆಯಲ್ಲಿದ್ದವರ ಪಕ್ಕ ನಿಂತವರು. ಆಸ್ತಿ ಲೂಟಿಯಾದಾಗ ಅದನ್ನೂ ಸಂತೋಷದಿಂದ ತಡೆದುಕೊಂಡವರು. ಇದೆಲ್ಲ 10:32-34ರಲ್ಲಿದೆ. ಆದರೆ ಪ್ರಾಣ ಕೊಡುವ ಮಟ್ಟಕ್ಕೆ ಹಿಂಸೆ ಇನ್ನೂ ಹೋಗಿರಲಿಲ್ಲ (12:4).

ಅಂದರೆ ದೊಡ್ಡ ಏಟನ್ನು ಅವರು ತಡೆದುಕೊಂಡಿದ್ದರು. ಸೋಲುತ್ತಿದ್ದದ್ದು ಆಮೇಲೆ. ಕೆಲವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು (10:25). ಯಾರೂ ಎದ್ದು ನಿಂತು "ನನಗೆ ಯೇಸು ಬೇಡ" ಅಂದಂತೆ ಕಾಣುವುದಿಲ್ಲ. ಕೇಳಿದ ಮಾತಿನಿಂದ ಎಲ್ಲಿ ದೂರ ತೇಲಿಹೋಗುತ್ತೇವೋ ಎಂದು 2:1 ಎಚ್ಚರಿಸುತ್ತದಲ್ವಾ, ಅದೇ ಇಲ್ಲಿನ ಅಪಾಯ. ಇವತ್ತು ಒಂದು ವಾರ ತಪ್ಪುತ್ತದೆ, ಆಮೇಲೆ ತಿಂಗಳು. ಯಾರೋ ಫೋನ್ ಮಾಡುತ್ತಾರೆ, ನಾವು ಎತ್ತುವುದಿಲ್ಲ. ಕಷ್ಟದ ಮೊದಲ ದಿನಗಳಲ್ಲಿ ನಮ್ಮಲ್ಲಿ ಒಂದು ಬಿಸಿ ಇರುತ್ತದೆ, ಸುತ್ತ ಜನವೂ ಇರುತ್ತಾರೆ. ಅದು ತಣ್ಣಗಾದ ಮೇಲಿನ ಉದ್ದನೆಯ ದಿನಗಳೇ ಜಾಸ್ತಿ ಕಷ್ಟ.

ಇಂಥವರಿಗೆ ಪತ್ರಿಕೆ ಮೊದಲು ಕೊಡುವ ಮದ್ದು ನನಗೆ ತುಂಬಾ ಇಷ್ಟ. ಹಿಂದಿನ ದಿನಗಳನ್ನು ನೆನಪು ಮಾಡಿಕೊಳ್ಳಿ ಅನ್ನುತ್ತದೆ (10:32). ನೀವು ಆಗಲೇ ಒಮ್ಮೆ ತಾಳಿಕೊಂಡಿದ್ದೀರಿ, ಆಗ ನಿಮ್ಮನ್ನು ಕೈಹಿಡಿದು ನಡೆಸಿದ ದೇವರು ಈಗಲೂ ಅವನೇ. ಸೋತವರನ್ನು ಮಾತಾಡಿಸಲು ಹೋಗುವವರು ಕಲಿಯಬೇಕಾದ ವರಸೆ ಇದು. ಬುದ್ಧಿ ಹೇಳುವ ಮೊದಲು, ಅವರು ದಾಟಿ ಬಂದದ್ದನ್ನು ಅವರಿಗೇ ನೆನಪಿಸಬೇಕು.

ಒಂದೇ ನಂಬಿಕೆ, ಬೇರೆ ಬೇರೆ ಕೊನೆ

12ನೇ ಅಧ್ಯಾಯ "ಆದಕಾರಣ" ಎಂದು ಶುರುವಾಗುತ್ತದೆ. ಅಧ್ಯಾಯಗಳ ಗುರುತು ಬಂದದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಬಂದದ್ದು 1551ರಲ್ಲಿ. ಮೊದಲು ಇದನ್ನು ಕೇಳಿದವರಿಗೆ 11ಕ್ಕೂ 12ಕ್ಕೂ ನಡುವೆ ಗೋಡೆ ಇರಲಿಲ್ಲ. ಹಾಗಾಗಿ 11ನ್ನು ಬಿಟ್ಟು 12ನ್ನು ಓದಬೇಡಿ.

11ರಲ್ಲಿ ಹೇಬೆಲ, ಹನೋಕ, ನೋಹ, ಅಬ್ರಹಾಮ, ಸಾರಾ, ಮೋಶೆ, ರಾಹಾಬ ಎಂದು ಸಾಲು ಸಾಲಾಗಿ ಬರುತ್ತಾರೆ. ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. 33ರಿಂದ ನಿಧಾನವಾಗಿ ಓದಿ ನೋಡಿ. ಸಿಂಹಗಳ ಬಾಯಿ ಮುಚ್ಚಿಸಿದವರು, ಬೆಂಕಿಯ ಉರಿ ಆರಿಸಿದವರು, ಸತ್ತ ಮಕ್ಕಳನ್ನು ಜೀವಂತ ಪಡೆದ ಹೆಂಗಸರು. ಆಮೇಲೆ 35ನೇ ವಚನದ ನಡುವೆಯೇ ಮಾತು ತಿರುಗುತ್ತದೆ. ಇನ್ನು ಕೆಲವರು ಚಿತ್ರಹಿಂಸೆ ಅನುಭವಿಸಿದರು, ಕೊರಡೆ ಏಟು ತಿಂದರು, ಸೆರೆಯಲ್ಲಿ ಬಿದ್ದರು, ಕುರಿ ಮೇಕೆಗಳ ಚರ್ಮ ಉಟ್ಟು ಅಲೆದರು. 34ರಲ್ಲಿ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ. 37ರಲ್ಲಿ ಕತ್ತಿಯಿಂದಲೇ ಸತ್ತವರಿದ್ದಾರೆ. ಇವರ ನಂಬಿಕೆ ಗಟ್ಟಿ, ಅವರದು ಸಡಿಲ ಎಂದು ಪತ್ರಿಕೆ ಎಲ್ಲೂ ಹೇಳುವುದಿಲ್ಲ. ಇಬ್ಬರಿಗೂ ಒಂದೇ ಸಾಕ್ಷಿ ಸಿಕ್ಕಿತು ಅನ್ನುತ್ತದೆ 39.

ಇದನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾಯಿಲೆ ವಾಸಿಯಾಗದ ಮನೆಗೆ ಹೋಗಿ "ನಂಬಿಕೆ ಸಾಲದು" ಅನ್ನುವವರು ಇದ್ದಾರೆ. ಅವರು ಈ ಅಧ್ಯಾಯವನ್ನು 35ರ ಅರ್ಧದವರೆಗೆ ಮಾತ್ರ ಓದಿದ್ದಾರೆ ಎಂದೇ ನಾನು ಹೇಳುತ್ತೇನೆ. ನೊಂದವರ ಹೆಗಲ ಮೇಲೆ ಇಂಥ ಮಾತು ಹೊರಿಸುವುದು ಕ್ರೂರತನ.

ಭಾರವೆಂದರೆ ಏನು?

ಓಟದ ಚಿತ್ರ ಆಗಿನ ಗ್ರೀಕ್ ಊರುಗಳ ಆಟದ ಬಯಲಿನದು. ಒಲಿಂಪಿಯಾದಲ್ಲಿ ಓಟದ ಅಂಕಣದ ಉದ್ದ ಸುಮಾರು 192 ಮೀಟರ್. ಓಡುವವರು ಮೈಮೇಲೆ ಬಟ್ಟೆಯನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಪತ್ರಿಕೆ ಹೇಳುವುದು ತಾಳ್ಮೆ ಬೇಕಾದ ಓಟದ ಬಗ್ಗೆ. ಸಣ್ಣ ದೂರಕ್ಕೆ ಹೇಗೋ ಹೊತ್ತುಕೊಂಡು ಓಡಿಬಿಡಬಹುದು. ದೂರ ಹೋಗುವಾಗ ಕಡಿಮೆ ತೂಕವೂ ಕಾಲು ಹಿಡಿಯುತ್ತದೆ.

ವಚನ ಎರಡನ್ನು ಬೇರೆ ಬೇರೆಯಾಗಿ ಹೇಳುವುದನ್ನು ಗಮನಿಸಿ. ಭಾರ ಒಂದು, ಪಾಪ ಇನ್ನೊಂದು. ಹಾಗಾದರೆ ಪಾಪವಲ್ಲದ ಭಾರವೂ ಇದೆ ಅಂತಾಯಿತು. ಇದಕ್ಕೆ ಒಳ್ಳೆಯ ಉದಾಹರಣೆ ವಿಮೋಚನಕಾಂಡ 18ರಲ್ಲಿ ಸಿಗುತ್ತದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಕೂತು ಜನರ ವ್ಯಾಜ್ಯ ಕೇಳುತ್ತಿದ್ದಾನೆ. ಜನ ಸುತ್ತಲೂ ನಿಂತೇ ಇದ್ದಾರೆ. ನೋಡಲು ಬಂದ ಮಾವ ಇತ್ರೋನ ಇದನ್ನೆಲ್ಲ ಕಂಡು, ನೀನು ಮಾಡುತ್ತಿರುವುದು ಸರಿಯಲ್ಲ ಅನ್ನುತ್ತಾನೆ. ನೀನೂ ಬಳಲುತ್ತೀಯ, ನಿನ್ನ ಜನರೂ ಬಳಲುತ್ತಾರೆ, ಇದು ಒಬ್ಬನಿಂದ ಆಗುವ ಕೆಲಸವಲ್ಲ ಅನ್ನುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬರನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನ್ನ ಹತ್ತಿರ ಬರಲಿ ಎಂದು ದಾರಿಯನ್ನೂ ತೋರಿಸುತ್ತಾನೆ.

ಮೋಶೆ ಮಾಡುತ್ತಿದ್ದದ್ದು ದೇವರ ಕೆಲಸವೇ. ಆದರೂ ಒಬ್ಬನೇ ಹೊತ್ತದ್ದರಿಂದ ಅದು ಭಾರವಾಯಿತು. ಹೆಚ್ಚುಕಡಿಮೆ ಎಲ್ಲ ಸಭೆಗಳಲ್ಲೂ ಇಂಥ ಒಬ್ಬರು ಇರುತ್ತಾರೆ. ಸಂಡೇ ಸ್ಕೂಲ್ ಅವರದೇ, ಕ್ವಾಯರ್ ಅವರದೇ, ಕ್ರಿಸ್ಮಸ್ ಕಾರ್ಯಕ್ರಮದ ಲೆಕ್ಕವೂ ಅವರದೇ. "ಅವರು ತುಂಬಾ ಹುರುಪಿನವರು" ಎಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಒಂದು ದಿನ ಅವರೇ ಬರುವುದು ನಿಲ್ಲಿಸಿದಾಗ ಆಶ್ಚರ್ಯಪಡುತ್ತೇವೆ.

ಆ ಓದುಗರ ಭಾರಗಳು ಯಾವುವು ಎಂದು ಪತ್ರಿಕೆಯಲ್ಲೇ ಹುಡುಕಬಹುದು. ಮನಸ್ಸಿನಲ್ಲಿ ಬೇರುಬಿಡುವ ಕಹಿ 12:15ರಲ್ಲಿದೆ. ಹಣದಾಸೆ 13:5ರಲ್ಲಿದೆ. ಒಮ್ಮೆ ಆಸ್ತಿ ಕಳೆದುಕೊಂಡವರಿಗೆ ಹಣದ ಹೆದರಿಕೆ ಜಾಸ್ತಿಯೇ ಇದ್ದಿರಬೇಕು. 12:16ರಲ್ಲಿ ಏಸಾವ ಬರುತ್ತಾನೆ. ಒಂದು ಊಟಕ್ಕೆ ಚೊಚ್ಚಲತನ, ಅಂದರೆ ಹಿರಿಮಗನ ಹಕ್ಕು, ಮಾರಿದವನು. ಆದಿಕಾಂಡ 25ಕ್ಕೆ ಹೋಗಿ ನೋಡಿ, ಆ ದಿನ ಅವನು ಬಯಲಿನಿಂದ ದಣಿದು ಬಂದಿದ್ದ. ಸಾಯುತ್ತಿದ್ದೇನೆ, ಚೊಚ್ಚಲತನ ಕಟ್ಟಿಕೊಂಡು ಏನು ಮಾಡಲಿ ಅಂದ. ರೊಟ್ಟಿ, ಅಲಸಂದೆ ಗುಗ್ಗರಿ, ತಿಂದ, ಕುಡಿದ, ಎದ್ದು ಹೋದ. ದಣಿವು ಮನುಷ್ಯನಿಂದ ಏನು ಮಾಡಿಸುತ್ತದೆ ಎಂದು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು. ಬಳಲಿ ಬೇಸರಗೊಳ್ಳಬೇಡಿ ಎಂದು 12:3 ಹೇಳಿದ ಸ್ವಲ್ಪ ಹೊತ್ತಿಗೇ ಏಸಾವನ ಹೆಸರು ಬರುವುದು ಸುಮ್ನೆ ಅಲ್ಲ.

ಇಳಿಸಲಾಗದ ಹೊರೆ

ನಮ್ಮ ಕೂಟದಲ್ಲಿ ಒಬ್ಬ ಅಕ್ಕ ಕೇಳಿದರು, "ಮಗನ ಫೀಸು, ಅತ್ತೆಯ ಔಷಧಿ, ಸಂಘದ ಸಾಲದ ಕಂತು. ಇದನ್ನೆಲ್ಲ ಎಲ್ಲಿ ಇಳಿಸಲಿ ಹೇಳಿ?" ಸರಿಯಾದ ಪ್ರಶ್ನೆ. ಇವು ಎಸೆದುಬಿಡುವ ಭಾರಗಳಲ್ಲ. ಗಲಾತ್ಯ 6:5ರ ಪ್ರಕಾರ ಪ್ರತಿಯೊಬ್ಬರಿಗೂ ಅವರವರದೇ ಹೊರೆ ಇದೆ. ಆದರೆ ಅದೇ ಅಧ್ಯಾಯದ 2ನೇ ವಚನ ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಅನ್ನುತ್ತದೆ. ಅಕ್ಕನಿಗೆ ನಾವು ಕೊಡಬೇಕಾದ ಉತ್ತರ ಇಲ್ಲಿದೆ. ಒಂದು ಮಧ್ಯಾಹ್ನ ಅವರ ಅತ್ತೆಯ ಪಕ್ಕ ನಾವು ಕೂರಬಹುದು. ಆಸ್ಪತ್ರೆಯ ಕ್ಯೂನಲ್ಲಿ ನಾವು ನಿಲ್ಲಬಹುದು. ಇದನ್ನು ಮಾಡದೆ "ಕರ್ತನ ಮೇಲೆ ಹಾಕಿ ಅಕ್ಕ" ಎಂದು ಹೇಳಿ ಎದ್ದು ಬರುವುದು ತಪ್ಪು.

ಕರ್ತನ ಮೇಲೆ ಹಾಕು ಅನ್ನುವ ಮಾತು ಕೀರ್ತನೆ 55:22ರದು. ಆ ಕೀರ್ತನೆಯ ನೋವು ಯಾವುದು ಗೊತ್ತೇ? ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಮೋಸ ಮಾಡಿದವನು ನನ್ನ ಆಪ್ತ ಗೆಳೆಯ, ದೇವರ ಮನೆಗೆ ಜೊತೆಯಲ್ಲಿ ಹೋಗುತ್ತಿದ್ದವನು ಎಂದು ಕೀರ್ತನೆಗಾರ ಅಲ್ಲಿ ಅಳುತ್ತಾನೆ. ಸಭೆಯೊಳಗೇ ಗಾಯಗೊಂಡವರಿಗೆ ಈ ಕೀರ್ತನೆ ಓದಲು ಕೊಡಿ. 22ನೇ ವಚನದ ಮಾತು, ಆತನೇ ನಿನಗೆ ಆಧಾರವಾಗುವನು ಅನ್ನುವುದು. ಭಾರ ನಾಳೆಯೇ ಮಾಯವಾಗುತ್ತದೆ ಎಂದು ಅಲ್ಲಿ ಬರೆದಿಲ್ಲ. ಬೀಳದ ಹಾಗೆ ಹಿಡಿದುಕೊಳ್ಳುತ್ತಾನೆ ಅನ್ನುವ ಭರವಸೆ ಇದೆ.

ಯೇಸುವಿನ ಮೇಲೆ ದೃಷ್ಟಿ

11ರ ಆ ಉದ್ದನೆಯ ಸಾಲಿನ ಕೊನೆಗೆ ನಿಲ್ಲುವವನು ಯೇಸು. ಆತನು ಶಿಲುಬೆಯನ್ನು ಸಹಿಸಿದನು, ಅವಮಾನವನ್ನು ಲೆಕ್ಕಿಸಲಿಲ್ಲ. ಇದನ್ನು ಓದಿ ಕೆಲವರು ತಾಳ್ಮೆ ಅಂದರೆ ಹಲ್ಲುಕಚ್ಚಿ ಸುಮ್ಮನಿರುವುದು ಎಂದುಕೊಳ್ಳುತ್ತಾರೆ. ಅದೇ ಪತ್ರಿಕೆಯ 5:7 ನೋಡಿ. ಆತನು ಗಟ್ಟಿಯಾಗಿ ಕೂಗುತ್ತಾ, ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದನು. ಅತ್ತರೆ ನಂಬಿಕೆ ಕಡಿಮೆಯಾಯಿತು ಅನ್ನುವುದಾದರೆ ಈ ವಚನವನ್ನು ಎಲ್ಲಿಡುತ್ತೀರಿ? ನಮ್ಮ ಬಲಹೀನತೆಯಲ್ಲಿ ಮರುಗುವ ಮಹಾಯಾಜಕ ನಮಗಿದ್ದಾನೆ, ಧೈರ್ಯವಾಗಿ ಹತ್ತಿರ ಬನ್ನಿ ಅನ್ನುತ್ತದೆ 4:15-16. ಪ್ರಾರ್ಥಿಸಲು ಮಾತೇ ಬಾರದ ದಿನ ನಾನು ಹೋಗುವುದು ಈ ಎರಡು ವಚನಕ್ಕೆ.

ಶಿಕ್ಷಣದ (ಶಿಸ್ತಿನಲ್ಲಿಟ್ಟು ತಿದ್ದುವುದರ) ಬಗ್ಗೆ ಬರುವ 12:5-11ನ್ನು ಓದುವಾಗ ಎಚ್ಚರ ಬೇಕು. ತಂದೆ ಮಗನನ್ನು ತಿದ್ದುವ ಹಾಗೆ ದೇವರು ನಮ್ಮನ್ನು ತಿದ್ದುತ್ತಾನೆ ಎಂದು ಜ್ಞಾನೋಕ್ತಿ 3ರ ಮಾತನ್ನು ಇಲ್ಲಿ ಎತ್ತಿಕೊಂಡಿದೆ. ನಂಬಿಕೆಗಾಗಿ ವಿರೋಧ ಎದುರಿಸುತ್ತಿದ್ದವರಿಗೆ, ದೇವರು ನಿಮ್ಮನ್ನು ಕೈಬಿಟ್ಟಿಲ್ಲ, ನೀವು ಆತನ ಮಕ್ಕಳೇ ಎಂದು ಧೈರ್ಯ ಹೇಳಿದ ಮಾತದು. ಅದನ್ನು ಹಿಡಿದು, ಗಂಡನಿಂದ ಏಟು ತಿನ್ನುವ ಹೆಂಗಸಿಗೆ "ತಾಳಿಕೊ, ಇದು ದೇವರ ಶಿಕ್ಷಣ" ಅನ್ನಬಾರದು. ಆಕೆಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಜೊತೆಗೆ ನಿಲ್ಲುವ ಜನ. ಖಿನ್ನತೆಯಲ್ಲಿ ಇರುವವರಿಗೆ ಡಾಕ್ಟರ್, ಮಾತ್ರೆ ಬೇಡ, ಪ್ರಾರ್ಥನೆ ಸಾಕು ಅನ್ನುವುದೂ ಬೇಡ. 1 ಅರಸು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕು ಎಂದು ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಏಳು, ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಹಾಗೇ ಎಬ್ಬಿಸಿ ತಿನ್ನಿಸಿದ.

ಇನ್ನು 12:12-13. ಜೋತುಬಿದ್ದ ಕೈಗಳನ್ನು, ನಡುಗುವ ಮೊಣಕಾಲುಗಳನ್ನು ನೆಟ್ಟಗೆ ಮಾಡಿ ಅನ್ನುವುದು ಯೆಶಾಯ 35:3ರ ಮಾತು. ಮುಂದಿನ ಮಾತು ನನ್ನನ್ನು ಪ್ರತಿಸಲ ಹಿಡಿದು ನಿಲ್ಲಿಸುತ್ತದೆ. ದಾರಿಯನ್ನು ನೇರ ಮಾಡಿ, ಕುಂಟುವ ಕಾಲು ಉಳುಕದೆ ವಾಸಿಯಾಗಲಿ ಅನ್ನುತ್ತದೆ. ಅಂದರೆ ಈ ಓಟದಲ್ಲಿ ಕುಂಟುವವರೂ ಇದ್ದಾರೆ. ಅವರನ್ನು ಹಿಂದೆ ಹಾಕಿ ಮುಂದೆ ಓಡಿ ಎಂದು ಹೇಳಲಿಲ್ಲ. ಅವರು ನಡೆಯಬಲ್ಲ ದಾರಿ ಮಾಡಿಕೊಡಿ ಅಂದಿತು. ಮೊದಲ ವಚನದಲ್ಲೂ "ಓಡೋಣ" ಎಂದೇ ಇದೆ, ಎಲ್ಲರೂ ಸೇರಿ.

ಹೊರಬೇಕಾದದ್ದು

13:13ರಲ್ಲಿ ಕೊನೆಗೂ ಆ ಇನ್ನೊಂದು ಹೊರೆ ಬರುತ್ತದೆ. ಯೇಸು ಊರಬಾಗಿಲಿನ ಹೊರಗೆ ಸತ್ತನು, ನಾವೂ ಆತನ ನಿಂದೆಯನ್ನು ಹೊತ್ತುಕೊಂಡು ಪಾಳೆಯದ ಹೊರಗೆ ಆತನ ಹತ್ತಿರ ಹೋಗೋಣ. ಮೋಶೆಯೂ ಇದೇ ನಿಂದೆಯನ್ನು ಐಗುಪ್ತದ ಭಂಡಾರಕ್ಕಿಂತ ದೊಡ್ಡ ಐಶ್ವರ್ಯ ಎಂದುಕೊಂಡ (11:26). ಹೆದರಿಕೆ, ಕಹಿ, ಹಣದಾಸೆ ತುಂಬಿದ ಕೈಯಲ್ಲಿ ಇದನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಭಾರ ಇಳಿಸಿ ಎಂದು 12ರಲ್ಲಿ ಹೇಳಿದ್ದು ಇದಕ್ಕೇ ಎಂದು ನಾನು ಓದುತ್ತೇನೆ.

ಇದರ ದಿನನಿತ್ಯದ ರೂಪ 13:1-3ರಲ್ಲಿದೆ. ಅತಿಥಿಗಳನ್ನು ಸತ್ಕರಿಸಿ. ಸೆರೆಯಲ್ಲಿ ಇರುವವರನ್ನು, ಅವರ ಜೊತೆ ನೀವೇ ಸೆರೆಯಲ್ಲಿರುವಂತೆ ನೆನೆಯಿರಿ. ಪತ್ರಿಕೆ ಮುಗಿಯುವ ಹೊತ್ತಿಗೆ 13:23ರಲ್ಲಿ ಒಂದು ಸುದ್ದಿಯೂ ಇದೆ: ತಿಮೊಥೆಗೆ ಬಿಡುಗಡೆಯಾಗಿದೆ, ಅವನು ಬೇಗ ಬಂದರೆ ಅವನ ಜೊತೆ ನಾನೂ ಬಂದು ನಿಮ್ಮನ್ನು ನೋಡುತ್ತೇನೆ. ಮುಂದಿನ ಕೂಟಕ್ಕೆ ಬರುವ ಮೊದಲು 10:19ರಿಂದ ಪತ್ರಿಕೆಯ ಕೊನೆಯವರೆಗೆ ಒಂದೇ ಸಲ ಗಟ್ಟಿಯಾಗಿ ಓದಿಕೊಂಡು ಬನ್ನಿ. ಬರುವುದನ್ನು ನಿಲ್ಲಿಸಿದ ಒಬ್ಬರ ಮನೆಗೆ ಹೋಗಿ, ಆಗುವುದಾದರೆ ಅವರ ಜೊತೆಯಲ್ಲೇ ಓದಿ.