ಗೋಡೆಗೆ ಬಣ್ಣ ಬಳಿದರೆ ಏನಾದರೂ ಬದಲಾಗುತ್ತದೆಯೇ?

ಪ್ರಶ್ನೆ: ನಮ್ಮೂರಿನ ಯುವಕ ಸಂಘದವರು ಬಸ್ ನಿಲ್ದಾಣದ ಕಾಂಪೌಂಡ್ ಗೋಡೆಯ ಮೇಲೆ ಶಾಂತಿ, ಸೌಹಾರ್ದದ ಚಿತ್ರ ಬಿಡಿಸಲು ಚಂದಾ ಎತ್ತುತ್ತಿದ್ದಾರೆ. ಇಂಥ ಬೀದಿ ಚಿತ್ರಗಳಿಂದ ನಿಜಕ್ಕೂ ಸಮಾಜದಲ್ಲಿ ಏನಾದರೂ ಬದಲಾಗುತ್ತದೆಯೇ, ಇಲ್ಲವೇ ನೋಡಲು ಚಂದ, ಅಷ್ಟೆಯೇ?

ಉತ್ತರ: ಚಿತ್ರ ಬರೆದ ಮಾತ್ರಕ್ಕೆ ಯಾವ ಯುದ್ಧವೂ ನಿಲ್ಲುವುದಿಲ್ಲ, ಯಾವ ದ್ವೇಷವೂ ಕರಗುವುದಿಲ್ಲ. ಆದರೆ ಉತ್ತರ ಕೊಡಬೇಕಾದವರು ದಿನವೂ ಹಾದುಹೋಗುವ ಜಾಗದಲ್ಲಿ, ಅವರು ಮುಖ ತಿರುಗಿಸಿಕೊಳ್ಳಲಾಗದ ಹಾಗೆ ಬರೆದ ಚಿತ್ರಕ್ಕೆ ಒಂದು ಬಲವಿದೆ. ಅದು ಎಷ್ಟು ದೂರ ಹೋಗುತ್ತದೆ ಎಂಬುದು ಚಿತ್ರ ಏನನ್ನು ಕೇಳುತ್ತಿದೆ ಎಂಬುದನ್ನು ಅವಲಂಬಿಸಿದೆ.

ಚಿಕ್ಕದನ್ನು ಕೇಳಿದರೆ ಉತ್ತರ ಬೇಗ ಸಿಗುತ್ತದೆ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ಮುಖ್ಯರಸ್ತೆಯಲ್ಲಿ ಬಹುದಿನಗಳಿಂದ ಬಾಯಿ ತೆರೆದುಕೊಂಡಿದ್ದ ದೊಡ್ಡ ಹೊಂಡವೊಂದರ ಸುತ್ತ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು ಕೊಳದ ನೀರಿನಂತೆ ಬಣ್ಣ ಬಳಿದು, ನಡುವೆ ನಿಜಗಾತ್ರದ ಮೊಸಳೆಯ ಪ್ರತಿಕೃತಿಯೊಂದನ್ನು ತಂದಿಟ್ಟರು. ಓಡಾಡುವವರು ನಿಂತು ನಕ್ಕರು, ಫೋಟೊ ತೆಗೆದರು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಪಾಲಿಕೆ ಬೇಗನೆ ಹೊಂಡ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಬೇಕಿದ್ದ ವಾರದಲ್ಲೇ, ಗಗನಯಾತ್ರಿಯ ವೇಷ ತೊಟ್ಟ ನಟನೊಬ್ಬ ಹೇರೋಹಳ್ಳಿ ಭಾಗದ ಗುಂಡಿಬಿದ್ದ ರಸ್ತೆಯಲ್ಲಿ ಚಂದ್ರನ ಮೇಲೆ ನಡೆದಂತೆ ನಡೆಯುವ ಒಂದು ನಿಮಿಷದ ವಿಡಿಯೊ ನಂಜುಂಡಸ್ವಾಮಿ ಅವರಿಂದಲೇ ಬಂತು, ಅಲ್ಲಿಗೂ ಜಲ್ಲಿ-ಡಾಂಬರು ಬಂತು. ಅರ್ಜಿ ಕೊಟ್ಟರೆ ಆಗದ ಕೆಲಸ ನಗೆಪಾಟಲಿಗೆ ಹೆದರಿ ಆಗಿದ್ದು ಸಂತೋಷವೋ ಬೇಸರವೋ ನೀವೇ ಹೇಳಿ. ಅದೇನೇ ಇರಲಿ, ಇಲ್ಲಿ ಚಿತ್ರ ಗೆದ್ದದ್ದಕ್ಕೆ ಕಾರಣ ಸ್ಪಷ್ಟ: ಸಮಸ್ಯೆ ಇದ್ದ ಜಾಗದಲ್ಲೇ ಚಿತ್ರವಿತ್ತು, ಸರಿಪಡಿಸಬೇಕಾದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು, ಮಾಡಬೇಕಾದ ಕೆಲಸ ಒಂದು ದಿನದ್ದಾಗಿತ್ತು.

ಶಾಂತಿಯನ್ನು ಕೇಳುವ ಚಿತ್ರಕ್ಕೆ ಈ ಮೂರೂ ಅನುಕೂಲಗಳು ಒಟ್ಟಿಗೆ ಸಿಗುವುದು ಅಪರೂಪ. ಅಫ್ಘಾನಿಸ್ತಾನದ ರಾಜಧಾನಿ ಕಾಬೂಲ್ ನಗರದ ಅನುಭವವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಬಾಂಬ್ ದಾಳಿಗಳು ಹೆಚ್ಚಿದಂತೆ ಅಲ್ಲಿನ ಕಚೇರಿಗಳು, ರಾಯಭಾರ ಕಟ್ಟಡಗಳು, ಅಧಿಕಾರಸ್ಥರ ಮನೆಗಳು ಎರಡಾಳೆತ್ತರದ ಕಾಂಕ್ರೀಟ್ ಗೋಡೆಗಳ ಹಿಂದೆ ಸರಿದವು. ಒಳಗಿದ್ದವರಿಗೆ ರಕ್ಷಣೆ ಸಿಕ್ಕಿತು, ಹೊರಗೆ ನಡೆಯುವವರಿಗೆ ಸಿಕ್ಕಿದ್ದು ಬೂದುಬಣ್ಣದ ಓಣಿಗಳು ಮಾತ್ರ. 2014ರಲ್ಲಿ ಒಮೈದ್ ಶರೀಫಿ ಮತ್ತು ಕಬೀರ್ ಮೊಕಮೆಲ್ ಕಟ್ಟಿದ ಗುಂಪು ಆ ಗೋಡೆಗಳನ್ನೇ ಚಿತ್ರಪಟವಾಗಿ ಬಳಸಿಕೊಂಡಿತು. ತಮ್ಮ ದೇಶವನ್ನು ಹಂಚಿಕೊಂಡು ತಿನ್ನುತ್ತಿದ್ದ 'ವಾರ್‌ಲಾರ್ಡ್'ಗಳನ್ನೂ (ಸ್ವಂತ ಪಡೆ ಕಟ್ಟಿದ ಯುದ್ಧದ ದೊರೆಗಳು) 'ಡ್ರಗ್‌ಲಾರ್ಡ್'ಗಳನ್ನೂ (ಮಾದಕವಸ್ತು ದಂಧೆಯ ದೊರೆಗಳು) ಅಣಕಿಸಿ ಗುಂಪಿಗೆ 'ಆರ್ಟ್‌ಲಾರ್ಡ್ಸ್' ಎಂದು ಹೆಸರಿಟ್ಟುಕೊಂಡರು. ಅವರ ಹೆಸರಾದ ಮೊದಮೊದಲ ಚಿತ್ರಗಳಲ್ಲಿದ್ದದ್ದು ಎರಡು ದೊಡ್ಡ ಕಣ್ಣುಗಳು: ಲಂಚಕೋರರೇ, ನಿಮ್ಮನ್ನು ನೋಡುತ್ತಿದ್ದೇವೆ ಎಂಬ ಅರ್ಥದ ಎಚ್ಚರಿಕೆಯೊಂದಿಗೆ, ಅಧಿಕಾರಿಗಳ ಕಾರುಗಳು ಒಳಹೋಗುವ ದಾರಿಯಲ್ಲೇ ಅವು ತೆರೆದುಕೊಂಡಿದ್ದವು.

ಅವರ ಕೆಲಸದ ರೀತಿ ನನಗೆ ಚಿತ್ರಗಳಿಗಿಂತಲೂ ಮುಖ್ಯವಾಗಿ ಕಾಣುತ್ತದೆ. ಗೋಡೆಯ ಮೇಲೆ ರೇಖೆಗಳನ್ನಷ್ಟೇ ಎಳೆದು, ದಾರಿಹೋಕರ ಕೈಗೆ ಕುಂಚ ಕೊಟ್ಟು, ಖಾಲಿ ಜಾಗಗಳಿಗೆ ಬಣ್ಣ ತುಂಬಲು ಕರೆಯುತ್ತಿದ್ದರು. ತಾನೇ ಬಣ್ಣ ತುಂಬಿದವನಿಗೆ ಮರುದಿನ ಅದೇ ದಾರಿಯಲ್ಲಿ ಹೋಗುವಾಗ ಆ ಗೋಡೆ ಯಾರದೋ ಗೋಡೆಯಾಗಿ ಉಳಿದಿರುವುದಿಲ್ಲ. ಹೀಗೆ ಕೆಲವೇ ವರ್ಷಗಳಲ್ಲಿ ದೇಶದ ಹಲವು ಪ್ರಾಂತಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಿತ್ತಿಚಿತ್ರಗಳು ಮೂಡಿದವು. ಪೂರ್ವದ ನಂಗರ್‌ಹಾರ್ ಪ್ರಾಂತದ ಒಣಭೂಮಿಗೆ ಕಾಲುವೆ ತಂದು, 2019ರ ಡಿಸೆಂಬರ್‌ನಲ್ಲಿ ಜಲಾಲಾಬಾದ್‌ನಲ್ಲಿ ಹತ್ಯೆಗೀಡಾದ ಜಪಾನಿನ ವೈದ್ಯ ತೆತ್ಸು ನಕಾಮುರಾ ಅವರ ಮುಖ ಅವುಗಳಲ್ಲೊಂದು. ಅಮೆರಿಕದ ಸೇನೆ ಹಿಂದಿರುಗುವ ಬಗ್ಗೆ ಅಮೆರಿಕ ಮತ್ತು ತಾಲಿಬಾನ್ ಮಾಡಿಕೊಂಡ 2020ರ ಫೆಬ್ರವರಿಯ ದೋಹಾ ಒಪ್ಪಂದದಂದು ಅಮೆರಿಕದ ಪ್ರತಿನಿಧಿ ಜಲ್ಮಯ್ ಖಲೀಲ್‌ಜಾದ್ ಮತ್ತು ತಾಲಿಬಾನಿನ ಮುಲ್ಲಾ ಬರಾದರ್ ಕೈಕುಲುಕಿದ ದೃಶ್ಯ ಇನ್ನೊಂದು.

2021ರ ಆಗಸ್ಟ್ 15ರ ಬೆಳಿಗ್ಗೆಯೂ ಶರೀಫಿ ಮತ್ತು ಸಂಗಡಿಗರು ಸರ್ಕಾರಿ ಕಚೇರಿಯೊಂದರ ಹೊರಗೋಡೆಯ ಮೇಲೆ ಚಿತ್ರ ಬರೆಯಲು ಹೋಗಿದ್ದರು. ನೌಕರರು ಗಾಬರಿಯಿಂದ ಓಡುವುದನ್ನು ಕಂಡ ಮೇಲೆಯೇ ತಾಲಿಬಾನ್ ನಗರಕ್ಕೆ ಬಂದದ್ದು ಅವರಿಗೆ ತಿಳಿದದ್ದು. ಕೆಲವೇ ವಾರಗಳಲ್ಲಿ ಆ ಕೈಕುಲುಕಿನ ಚಿತ್ರಕ್ಕೂ ನಕಾಮುರಾ ಅವರ ಮುಖಕ್ಕೂ ಬಣ್ಣ ಬಳಿದು ಘೋಷಣೆಗಳನ್ನು ಬರೆಯಲಾಯಿತು. ಹಾಗಾದರೆ ಚಿತ್ರಗಳು ಸೋತವೇ? ಯುದ್ಧದ ಗತಿಯನ್ನು ಅವು ಬದಲಿಸಲಿಲ್ಲ ಎಂಬುದು ನಿಜ. ಆದರೆ ಇಡೀ ದೇಶ ಕೈಗೆ ಸಿಕ್ಕ ಮೊದಲ ವಾರಗಳಲ್ಲೇ, ನೂರೆಂಟು ತುರ್ತು ಕೆಲಸಗಳ ನಡುವೆ, ಗೋಡೆಗಳಿಗೆ ಸುಣ್ಣ ಹೊಡೆಯಲು ಆಳುಗಳನ್ನು ಕಳಿಸಬೇಕೆಂದು ಹೊಸ ಆಡಳಿತಕ್ಕೆ ಅನಿಸಿತು. ಆ ಅವಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸೋಲು-ಗೆಲುವು ನಿರ್ಧರಿಸುವುದು ಸರಿಯಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಬೀದಿ ಚಿತ್ರವೆಂದರೆ ಶಾಂತಿಯ ಪರ ಎಂದೇನೂ ಇಲ್ಲ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಪಂಗಡಗಳ ನಡುವೆ ಹಿಂಸಾಚಾರ ನಡೆದಿದ್ದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮುಸುಕುಧಾರಿ ಬಂದೂಕುಗಾರರ ಭಿತ್ತಿಚಿತ್ರಗಳು ದಶಕಗಳ ಕಾಲ 'ಇದು ನಮ್ಮ ಬೀದಿ, ಹುಷಾರ್' ಎಂದು ಎದುರು ಪಂಗಡದವರನ್ನು ಬೆದರಿಸುವ ಫಲಕಗಳಾಗಿದ್ದವು. ಅವುಗಳ ಜಾಗದಲ್ಲಿ ಬೇರೆ ಚಿತ್ರ ಬರೆಸುವ ಯೋಜನೆಯನ್ನು ಅಲ್ಲಿನ ಕಲಾ ಮಂಡಳಿ 2006ರಲ್ಲಿ ಆರಂಭಿಸಿತು. ಆ ಹೊತ್ತಿಗೆ 1998ರ ಶಾಂತಿ ಒಪ್ಪಂದವಾಗಿ ಎಂಟು ವರ್ಷ ಕಳೆದಿತ್ತು. ಅಂದರೆ ಅಲ್ಲಿ ಶಾಂತಿ ಮೊದಲು ಬಂತು, ಚಿತ್ರ ಆಮೇಲೆ.

ನಿಮ್ಮೂರಿನ ಗೋಡೆಯ ಬಗ್ಗೆ ಹೇಳುವುದಾದರೆ, ಪಾರಿವಾಳ, ಭೂಗೋಳ, ಒಂದರ ಮೇಲೊಂದು ಇಟ್ಟ ಕೈಗಳು, ಇವುಗಳನ್ನು ದಯವಿಟ್ಟು ಬಿಡಲು ಹೇಳಿ. ಅವು ಯಾರನ್ನೂ ಏನನ್ನೂ ಕೇಳುವುದಿಲ್ಲ. ಬೆಂಗಳೂರಿನ ಪಾಲಿಕೆ 2009ರಲ್ಲಿ ಗೋಡೆಗಳ ಮೇಲೆ ಸಾಲುಸಾಲಾಗಿ ಬರೆಸಿದ ಅರಮನೆ, ಜಲಪಾತ, ಹುಲಿಗಳ ಹಾಗೆ ಗೋಡೆಯನ್ನು ಚೊಕ್ಕಟವಾಗಿಡಬಹುದು, ಅಷ್ಟೆ. ಬದಲಿಗೆ ಊರಿನಲ್ಲಿ ಯಾರ ಮುಖ ಯಾರಿಗೂ ಕಾಣದಂತಾಗಿದೆ ಎಂದು ಸಂಘದವರು ಯೋಚಿಸಲಿ, ಮತ್ತು ಕುಂಚ ಹಾಗೆ ಕಾಣದಾದವರ ಕೈಯಲ್ಲೇ ಇರಲಿ. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ಅರವಾಣಿ ಕಲಾ ಯೋಜನೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಬರೀ ಚಿತ್ರದ ವಸ್ತುವಾಗಿ ಉಳಿಯಲಿಲ್ಲ, ಏಣಿ ಹತ್ತಿ ತಾವೇ ಬಣ್ಣ ಹಚ್ಚಿದರು. ತಮ್ಮನ್ನು ಕಂಡರೆ ಜನ ದೂರ ಸರಿಯುತ್ತಿದ್ದ ಬೀದಿಗಳಲ್ಲಿ ಅವರು ದಿನಗಟ್ಟಲೆ ನಿಂತು ಕೆಲಸ ಮಾಡುವಾಗ, ಹಾದುಹೋಗುವವರು ನಿಂತು ಮಾತನಾಡಿಸುತ್ತಾರೆ; ಚಿತ್ರ ಮುಗಿಯುವ ಮೊದಲೇ ಆಗುವ ಕೆಲಸವಿದು.

ಕೊನೆಗೆ ಕಾನೂನಿನ ವಿಷಯ. ರಾಜ್ಯದಲ್ಲಿ ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆಯೊಂದಿದೆ. ಬಸ್ ನಿಲ್ದಾಣದ ಗೋಡೆ ಸಾರಿಗೆ ನಿಗಮದ್ದೋ ಪಂಚಾಯಿತಿಯದ್ದೋ ಎಂದು ಮೊದಲು ವಿಚಾರಿಸಿ, ಬರೆಯಲಿರುವ ಚಿತ್ರದ ನಕ್ಷೆಯನ್ನು ಲಗತ್ತಿಸಿ ಅರ್ಜಿ ಹಾಕಿ, ಲಿಖಿತ ಅನುಮತಿ ಕೈಗೆ ಬಂದ ಮೇಲೆ ಬಣ್ಣದ ಡಬ್ಬಿ ತೆರೆಯುವುದು ಕ್ಷೇಮ.